ಒಂದು ಗೇಣು ಬೆಳಕು

ತೂಗಾನ್
12 ಜನವರಿ 1986

ಮಾನ್ಯ ಸಂಗಾತಿ ರಾಸ್ಮಾನೆ ನಿಕಿಯೆಮಾ ಅವರಿಗೆ,

ಮಾತೃಭೂಮಿ ಇಲ್ಲವೇ ಮರಣ!

ನಿಮಗೆ ನನ್ನ ಪರಿಚಯವಿಲ್ಲ. ನನ್ನ ಹೆಸರು ಪೆಲಾಜಿ ಟೊಯೆ. ಇಪ್ಪತ್ತು ವರ್ಷ. ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಬದಲಿ ಶಿಕ್ಷಕಿ. ‘ನಮ್ಮ ಬೆಳಕು’ ಚಿತ್ರಸಂಘದ ಕಾರ್ಯದರ್ಶಿಯೂ ನಾನೇ. ಸಂಘದಲ್ಲಿ ಏಳು ಜನರಿದ್ದೇವೆ. ಅವರಲ್ಲೊಬ್ಬ ಬರುವುದು ಸಭೆಯಲ್ಲಿ ಹಂಚುವ ಕಡಲೆಕಾಯಿಗೆ ಮಾತ್ರ. ಸತ್ಯವನ್ನು ಮುಚ್ಚಿಡುವುದು ನಮ್ಮ ಸಂಘದ ನಿಯಮವಲ್ಲ.

ಆ ಕಡಲೆಕಾಯಿ ಕಟ್ಟಿದ್ದ ಕಾಗದದಲ್ಲೇ ನಿಮ್ಮ ಹೆಸರು ಸಿಕ್ಕಿತು. ಅದು ರಾಜಧಾನಿಯ ಯಾವುದೋ ಸಂಘದ ಹಳೆಯ ಕರಪತ್ರ. ಕೊನೆಯ ಸಾಲು ಹೀಗಿತ್ತು: ‘ಬಾವಿಗೆ ಹೋದವರು. ನಿರ್ದೇಶನ ದಿವಂಗತ ಲಾಜಾರ್ ಪಾರೆ. ತೂಗಾನ್‌ನಲ್ಲಿ ಚಿತ್ರೀಕರಣ, 1969. ಇಪ್ಪತ್ತೆಂಟು ನಿಮಿಷ. ಉಳಿದಿರುವ ಒಂದೇ ಪ್ರತಿ ಗಡಿಯಾಚೆಯ ಬುವಾಕೆಯಲ್ಲಿ, ರೈಲು ನಿಲ್ದಾಣದ ಹಿಂದಿನ ಓಣಿಯ ಪ್ರೊಜೆಕ್ಟರ್ ಚಾಲಕ ರಾಸ್ಮಾನೆ ನಿಕಿಯೆಮಾ ಬಳಿ ಇದೆ.’

ನಮ್ಮೂರಿನಲ್ಲಿ ತೆಗೆದ ಚಿತ್ರವನ್ನು ನಮ್ಮೂರು ಇದುವರೆಗೆ ನೋಡಿಲ್ಲ! ಇಲ್ಲಿನ ಗೋಡೆ ಸಿನಿಮಾದ ಮಾಲೀಕ ಜೆರ್ಬೊ ವಾರಕ್ಕೆ ಎರಡು ಹಿಂದಿ ಚಿತ್ರ, ಎರಡು ಕರಾಟೆ ಚಿತ್ರ ಹಾಕುತ್ತಾನೆ. ನನ್ನ ದೊಡ್ಡಮ್ಮ ಅರ್ಥವಾಗದ ಹಿಂದಿ ಹಾಡುಗಳನ್ನು ಹಾಡುತ್ತಾ ಸಜ್ಜೆ ಮುದ್ದೆ ತಿರುವುತ್ತಾಳೆ. ನನ್ನ ವಿದ್ಯಾರ್ಥಿಗಳಿಗೆ ಬೊಂಬಾಯಿಯ ಖಳನಾಯಕರ ಹೆಸರು ಗೊತ್ತು, ಪಕ್ಕದೂರಿನಲ್ಲಿ ಬಾಲಾಫೋನ್ ನುಡಿಸುವವನ ಹೆಸರು ಗೊತ್ತಿಲ್ಲ. ಇನ್ನೊಬ್ಬರ ಮುಖವನ್ನೇ ನೋಡುತ್ತಾ ಬೆಳೆದ ಜನ ತಮ್ಮ ಮುಖವನ್ನು ಮರೆಯುತ್ತಾರೆ.

ಆದ್ದರಿಂದ ಆ ಚಿತ್ರವನ್ನು ತೂಗಾನ್‌ಗೆ ತರಬೇಕೆಂದು ಸಂಘ ಒತ್ತಾಯಿಸುತ್ತದೆ.

ಅದರಲ್ಲಿ ಬಾವಿಯ ಬಳಿ ಹೆಂಗಸರು ನೀರು ಸೇದುವ ದೃಶ್ಯ ಇದೆಯೇ? ದಯವಿಟ್ಟು ಖಚಿತವಾಗಿ ತಿಳಿಸಿ.

ಸಂಗಾತಿ ಪೆಲಾಜಿ ಟೊಯೆ


ಬುವಾಕೆ
9 ಫೆಬ್ರವರಿ 1986

ಏ ನಾಯಿ ತಿನ್ನೋಳೇ,

ಸಾಮೋ ಕುಲದ ಹುಡುಗಿಯೊಬ್ಬಳು ಮೋಸಿ ಕುಲದ ಮುದುಕನಿಗೆ ‘ಮಾನ್ಯ’ ಎಂದು ಬರೆಯುವ ಕಾಲ ಬಂತೇ? ನಿಮ್ಮವರು ನಮ್ಮ ಗುಲಾಮರೆಂದು ನಮ್ಮಜ್ಜ ಹೇಳುತ್ತಿದ್ದ. ನಾವು ನಿಮ್ಮ ಗುಲಾಮರೆಂದು ನಿಮ್ಮಜ್ಜ ಹೇಳಿರಬೇಕು. ಅದು ತೀರ್ಮಾನವಾಗುವ ತನಕ ಬೈಗುಳವೇ ನಮ್ಮ ನಡುವಿನ ನಮಸ್ಕಾರ. ನಿನಗೆ ಯಾರೂ ಕಲಿಸಲಿಲ್ಲವೇ? ಇನ್ನು ಮೇಲೆ ನೆಟ್ಟಗೆ ಬೈದು ಬರೆ. ಮತ್ತೆ, ಸರ್ಕಾರದ ಆ ಘೋಷಣೆಯಲ್ಲಿನ ಮರಣದ ವಿಷಯ ನನಗೆ ಬಿಡು. ವಯಸ್ಸು ನನ್ನದು.

ತೂಗಾನ್! ಆ ಹೆಸರು ಕಿವಿಗೆ ಬಿದ್ದ ಕೂಡಲೇ ಬೇವಿನ ಹೂವಿನ ವಾಸನೆ ಬಂತು. ಹನ್ನೊಂದು ವರ್ಷ ನಾನು ಸಿನಿಮಾ ವ್ಯಾನು ಓಡಿಸಿದೆ. ನಿಮ್ಮೂರಿನ ಸಂತೆ ಮೈದಾನದಲ್ಲಿ ಎರಡು ಬೇವಿನ ಮರಗಳಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದೆ. ಮುಂದೆ ಜಾಗ ಸಿಗದವರು ಬಟ್ಟೆಯ ಹಿಂದೆ ಕೂತು ಎಲ್ಲವನ್ನೂ ಎಡಬಲ ತಿರುಗಿಸಿ ನೋಡುತ್ತಿದ್ದರು. ಸೊಳ್ಳೆ ಮತ್ತು ಮಲೇರಿಯಾದ ಸರ್ಕಾರಿ ಚಿತ್ರ ಮುಗಿದ ಮೇಲೆ ಒಬ್ಬಳು ಮುದುಕಿ ಬಂದು, “ಪುಣ್ಯ, ನಮ್ಮೂರ ಸೊಳ್ಳೆ ಇಷ್ಟು ದೊಡ್ಡದಿಲ್ಲ” ಎಂದಳು. ನಾನು ಮೈಕು ಹಿಡಿದು ದ್ಯೂಲಾ ಭಾಷೆಯಲ್ಲಿ ಕಥೆ ಹೇಳುತ್ತಿದ್ದೆ. ಚಿತ್ರ ಸಪ್ಪೆಯಾದರೆ ಖಾರ ನಾನೇ ಹಾಕುತ್ತಿದ್ದೆ.

ಬಾವಿಯ ದೃಶ್ಯ ಇದೆ. ಐದು ಹೆಂಗಸರು. ಯಾಕೆ ಕೇಳಿದೆ?

ರೀಲಿಗೂ ವಯಸ್ಸಾಗಿದೆ. ಡಬ್ಬಿ ತೆರೆದರೆ ವಿನಿಗರ್ ವಾಸನೆ. ಸುರುಟಿಕೊಂಡಿದೆ, ಕುಗ್ಗಿದೆ. ಇನ್ನೊಮ್ಮೆ ಓಡಬಹುದು, ಆಮೇಲೆ ಭರವಸೆಯಿಲ್ಲ. ಆ ಒಂದು ಸಲವನ್ನು ಬೇರೆಯವರ ಕೈಗೆ ಕೊಡಲಾರೆ. ಅಂಚೆಗಂತೂ ಸಾಧ್ಯವೇ ಇಲ್ಲ.

ನಿನ್ನ ಒಡೆಯ
ರಾಸ್ಮಾನೆ


ತೂಗಾನ್
20 ಫೆಬ್ರವರಿ 1986

ಮಾತೃಭೂಮಿ ಇಲ್ಲವೇ ಮರಣ!

ಕತ್ತೆ ತಲೆಯ ತಾತನಿಗೆ,

ನಿನ್ನ ಕಾಗದ ಓದಲು ಮೂರು ದಿನ ಬೇಕಾಯಿತು. ಸಾಲಿನ ಮೇಲೆ ಸಾಲು ಹತ್ತಿ ಕೂತಿದೆ. ದೋಲೊ ಕುಡಿದು ಬರೆದೆಯಾ? ನಮ್ಮೂರಲ್ಲಿ ಮೂರನೇ ಸೋರೆಬುರುಡೆ ಖಾಲಿ ಮಾಡಿದವರೂ ಇದಕ್ಕಿಂತ ನೆಟ್ಟಗೆ ನಡೆಯುತ್ತಾರೆ.

ಬೈಗುಳ ನನಗೂ ಗೊತ್ತು. ಸಂಘದ ಪತ್ರವೆಂದು ಸುಮ್ಮನಿದ್ದೆ.

ಈಗ ಕೆಲಸದ ಮಾತು. ರೀಲು ಒಂದೇ ಸಲ ಓಡುವುದಾದರೆ ಅದು ಓಡಬೇಕಾದದ್ದು ಇಲ್ಲಿ. ರೀಲಿನ ಜೊತೆ ನೀನೂ ಬಾ. ಸಂಘ ನಿನ್ನನ್ನು ವಿಧಿವತ್ತಾಗಿ ಆಹ್ವಾನಿಸುತ್ತದೆ. ಫಲಕ ಬರೆಯುವ ಇಸಿದೋರ್ ಈಗಾಗಲೇ ಪೋಸ್ಟರ್ ಬಿಡಿಸಿದ್ದಾನೆ. ಅವನಿಗೆ ಕ್ಷೌರದಂಗಡಿಯ ಫಲಕ ಬಿಟ್ಟು ಬೇರೆ ಬರೆದು ಅಭ್ಯಾಸವಿಲ್ಲ. ಆದ್ದರಿಂದ ಬಾವಿಗೆ ಹೋದ ಐವರು ಹೆಂಗಸರಿಗೂ ಆಗಷ್ಟೇ ತಲೆ ಕ್ಷೌರ ಮಾಡಿದ ಹಾಗಿದೆ. ಆದರೆ ಅವನು ಈ ಮಣ್ಣಿನ ಕಲಾವಿದ, ಪೋಸ್ಟರ್ ಹಾಗೆಯೇ ಇರಲಿ ಎಂದು ತೀರ್ಮಾನಿಸಿದ್ದೇವೆ.

ಮರು ಟಿಪ್ಪಣಿ: ಆ ಐವರಲ್ಲಿ ನನ್ನ ಅವ್ವ ಒಬ್ಬಳು ಎಂದು ದೊಡ್ಡಮ್ಮ ಹೇಳುತ್ತಾಳೆ. ಹೆಸರು ಹೊನೊರೀನ್. ನಾನು ನಾಲ್ಕು ವರ್ಷದವಳಿದ್ದಾಗ ಮೆದುಳು ಜ್ವರದಲ್ಲಿ ಹೋದಳು. ಒಂದೂ ಫೋಟೊ ಇಲ್ಲ, ಮುಖ ನೆನಪಿಲ್ಲ. ಇದು ಖಾಸಗಿ ವಿಷಯ. ಸಾರ್ವಜನಿಕ ಕೆಲಸದಲ್ಲಿ ಇದಕ್ಕೆ ಮಹತ್ವವಿಲ್ಲ.

ಪೆಲಾಜಿ


ಬುವಾಕೆ
2 ಏಪ್ರಿಲ್ 1986

ಸನ್ಮಾನ್ಯ ಕುಮಾರಿ ಪೆಲಾಜಿ ಟೊಯೆ ಅವರ ಸನ್ನಿಧಾನಕ್ಕೆ, ಈ ಕೆಳಗೆ ಸಹಿ ಮಾಡಿರುವ ರಾಸ್ಮಾನೆ ನಿಕಿಯೆಮಾ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

ನಿಲ್ಲು, ನಿಲ್ಲು. ಇವನು ಅಂಚೆ ಕಚೇರಿಯ ಮುಂದೆ ಅರ್ಜಿ ಬರೆಯುವವನು. ಅವನ ಕೈ ತಾನಾಗಿಯೇ ಅರ್ಜಿ ಬರೆಯುತ್ತದೆ. ನಾನು ಹೇಳಿದ್ದನ್ನಷ್ಟೇ ಬರೆಯೆಂದು ಗದರಿಸಿದ್ದೇನೆ.

ನಿನ್ನ ಕಾಗದವನ್ನು ಎರಡು ಸಲ ಓದಿಸಿಕೊಂಡೆ, ಕೆಳಗಿನ ಟಿಪ್ಪಣಿಯನ್ನು ಮೂರು ಸಲ.

ನಾಯಿ ತಿನ್ನೋಳೇ, ನಾನು ಬರಲಾರೆ. ನಿನ್ನೂರಿಗೆ ಬಂದು ಏನು ನೋಡಲಿ? ನನ್ನ ಕಣ್ಣಿನ ದೀಪ ಆರಿದೆ. ವ್ಯಾನಿನ ಕಾಲದಲ್ಲಿ ನದಿಯ ದಂಡೆಯಲ್ಲಿ ಮಲಗುತ್ತಿದ್ದೆವಲ್ಲ, ಅಲ್ಲಿನ ನೊಣಗಳು ನನ್ನನ್ನು ಚೆನ್ನಾಗಿ ಊಟ ಮಾಡಿದವು. ಈಗ ಭಾನುವಾರ ರೀಲಿನ ಡಬ್ಬಿ ತೆರೆದು, ಅಂಚಿನ ರಂಧ್ರಗಳ ಮೇಲೆ ಬೆರಳಾಡಿಸಿ ಮುಚ್ಚಿಡುತ್ತೇನೆ. ಅಷ್ಟೇ ನನ್ನ ಸಿನಿಮಾ.

ನಿನ್ನ ಅವ್ವನ ಬಗ್ಗೆ ಈಗ ಏನೂ ಹೇಳುವುದಿಲ್ಲ. ಅರ್ಜಿ ಬರೆಯುವವನ ಮುಂದೆ ಹೇಳುವ ಮಾತಲ್ಲ.

ರಾಸ್ಮಾನೆ


ತೂಗಾನ್
14 ಏಪ್ರಿಲ್ 1986

ಮಾತೃಭೂಮಿ ಇಲ್ಲವೇ ಮರಣ!

ಗುಲಾಮ ತಾತ,

ನಿನಗೆ ಕಾರ್ಯದರ್ಶಿ ಬೇರೆ ಬಂದನೋ! ಮೋಸಿಗೆ ಒಂದು ಕುರ್ಚಿ ಸಿಕ್ಕರೆ ಸಾಕು, ಮರುದಿನವೇ ಅರಮನೆ ಕಟ್ಟುತ್ತಾನೆ.

ನಿನ್ನ ಕಾಗದವನ್ನು ಜೋರಾಗಿ ಓದಿದೆ. ದೊಡ್ಡಮ್ಮ ಬೆರ್ನಾದೆತ್ ಬಿದ್ದು ಬಿದ್ದು ನಕ್ಕಳು. “ಕಣ್ಣಿನ ದೀಪ ಆರಿತಂತೆ! ಸಾಮೋ ಹೆಂಗಸ್ರನ್ನ ನೋಡಿ ನೋಡಿ ಆರಿರ್ಬೇಕು. ಬರೋಕೆ ಹೇಳೇ ಅವ್ನಿಗೆ, ಬೂದಿ ಊದಿ ಮತ್ತೆ ಹತ್ತಿಸ್ತೀನಿ” ಎಂದಳು. ಬೈಗುಳದಲ್ಲಿ ನಿನ್ನನ್ನು ಸೋಲಿಸುವುದು ಕಷ್ಟ ಎಂದು ಒಪ್ಪಿಕೊಂಡಿದ್ದಾಳೆ.

ಇನ್ನು ತಮಾಷೆ ಸಾಕು. ನಿನ್ನ ನಿಜವಾದ ಕಾರಣ ನನಗೆ ಗೊತ್ತು. ನಮ್ಮ ಮುಖವಾಡಗಳನ್ನು ಹೊತ್ತೊಯ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಬಿಳಿಯರಿಗೂ ನಿನಗೂ ಏನು ವ್ಯತ್ಯಾಸ? ಅವರೂ ಹೀಗೆಯೇ ಹೇಳಿದರು: ಸೂಕ್ಷ್ಮವಾದ ವಸ್ತು, ನಿಮ್ಮ ಕೈಯಲ್ಲಿ ಹಾಳಾಗುತ್ತದೆ. ನೀನು ಒಂದು ಊರನ್ನು ಡಬ್ಬಿಯಲ್ಲಿ ಸೆರೆಯಿಟ್ಟಿದ್ದೀಯ. ಭಾನುವಾರ ತೆರೆದು ಮುಟ್ಟಿ ಮುಚ್ಚುತ್ತೀಯಂತೆ! ಜಿಪುಣನೂ ಹಾಗೆಯೇ ಮಾಡುತ್ತಾನೆ.

ಅದು ನಿನ್ನದಲ್ಲ, ನಮ್ಮದು.

ಪೆಲಾಜಿ


ಬುವಾಕೆ
7 ಸೆಪ್ಟೆಂಬರ್ 1986

ಮಗಳೇ,

ಐದು ತಿಂಗಳು ಉತ್ತರ ಬರೆಯಲಿಲ್ಲ. ನಿನ್ನ ಕಾಗದ ಮೆತ್ತೆಯ ಕೆಳಗಿತ್ತು. ಒಂದು ಮಾತು ನಿಜ. ಅದು ನನ್ನದಲ್ಲ.

ಮಳೆಗಾಲ ಮುಗಿದು, ಸಜ್ಜೆ ಕಣಜ ಸೇರಿದ ಮೇಲೆ ಬರುತ್ತೇನೆ. ನವೆಂಬರ್ ಕೊನೆಯ ಶನಿವಾರ. ರೈಲಿನಲ್ಲಿ ಬೊಬೊ ತನಕ, ಅಲ್ಲಿಂದ ಬಸ್ಸು. ನನ್ನ ಪ್ರೊಜೆಕ್ಟರನ್ನೂ ತರುತ್ತೇನೆ. ಜೆರ್ಬೊನ ಯಂತ್ರ ಬೇಡ. ನನ್ನ ಕೈಗೆ ನನ್ನದೇ ಗೊತ್ತು.

ಬಸ್ ನಿಲ್ದಾಣದಲ್ಲಿ ನನ್ನನ್ನು ಗುರುತಿಸುವುದು ಸುಲಭ. ಡಬ್ಬಿಯನ್ನು ಎದೆಗವುಚಿಕೊಂಡು ಕೋಲು ಹಿಡಿದ ಮುದುಕ.

ರಾಸ್ಮಾನೆ


ತೂಗಾನ್
8 ಡಿಸೆಂಬರ್ 1986

ಪೂಜ್ಯ ತಾತನವರಿಗೆ,

ನೀವು ಹೊರಟು ಎಂಟು ದಿನವಾಯಿತು. ಪ್ರತಿದಿನ ಕಾಗದ ತೆಗೆದು ಮುಚ್ಚಿಡುತ್ತಿದ್ದೆ. ಆ ಸಂಜೆ ಚಿತ್ರ ಮುಗಿದ ಮೇಲೆ ನಿಮ್ಮ ಹತ್ತಿರ ಬರಲು ಹೆದರಿ ಜನರ ನಡುವೆ ಹೋಗಿ ಕೂತೆ. ಬೆಳಗಾಗುವಷ್ಟರಲ್ಲಿ ನೀವು ಬಸ್ಸು ಹತ್ತಿದ್ದಿರಿ.

ಮೊದಲು ಕೋಲಿನ ವಿಷಯ. ನಮ್ಮೂರಿಗೆ ಬಂದ ಮೋಸಿಯ ಒಂದು ವಸ್ತುವನ್ನು ಕಿತ್ತಿಟ್ಟುಕೊಂಡು, ಅಗಿಯುವ ಕೋಲಾ ಕಾಯಿ ಕೊಡುವವರೆಗೆ ಸತಾಯಿಸುವುದು ಪದ್ಧತಿ. ನಿಮಗೂ ಗೊತ್ತು. ನಿಲ್ದಾಣದಲ್ಲಿ ದರ್ಜಿ ಝೆಫಿರೆನ್ ನಿಮ್ಮ ಕೋಲು ಕಿತ್ತು, “ಹುಡ್ಕೊಳೋ ಗುಲಾಮ!” ಎಂದ. ನೀವು ಮಂಡಿಯೂರಿ ನೆಲ ತಡವಿದಿರಿ. ಎಲ್ಲರೂ ಚಪ್ಪಾಳೆ ಹೊಡೆದರು. “ಅಬ್ಬಾ, ಎಂಥಾ ನಟ!” ಎಂದರು. ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ: “ಕತ್ತೆ ತನ್ನ ಬಾಲಾನೇ ಹುಡುಕ್ತಿದೆ ನೋಡ್ರೋ!”

ನೀವೂ ನಕ್ಕಿರಿ. ಕತ್ತೆಯ ಹಾಗೆ ಅರಚಿ ಜನರನ್ನು ಇನ್ನಷ್ಟು ನಗಿಸಿದಿರಿ. ಯಾಕೆ ಹೇಳಲಿಲ್ಲ? ಇಲ್ಲ, ನೀವು ಹೇಳಿದ್ದಿರಿ. ಏಪ್ರಿಲ್‌ನಲ್ಲಿ ಬರೆದಿದ್ದಿರಿ. ನಾನು ಅದನ್ನು ಜೋರಾಗಿ ಓದಿ ನಗಿಸಿದೆ. ಜಗತ್ತಿನ ಎಲ್ಲ ಕರಪತ್ರಗಳನ್ನೂ ಓದಿದ್ದೇನೆ ಎಂದು ಬೀಗುತ್ತಿದ್ದವಳಿಗೆ ಒಬ್ಬ ಮುದುಕನ ಕಾಗದ ಓದಲು ಬರಲಿಲ್ಲ.

ನನಗೆ ಅದು ತಿಳಿದದ್ದು ಚಿತ್ರ ಶುರುವಾದ ಮೇಲೆ. ನಾನು ಆರು ಪುಟದ ಭಾಷಣ ಬರೆದಿದ್ದೆ. ಎರಡನೇ ಪುಟಕ್ಕೇ “ಭಾಷಣ ಸಾಕು ಕಣಮ್ಮಾ, ದೀಪ ಹಚ್ಚಿಸು!” ಎಂದು ಕೂಗಿದರು. ಪ್ರೊಜೆಕ್ಟರ್ ಹತ್ತಿರ ಬಂದು ನಿಂತೆ. ಸ್ವಲ್ಪ ಹೊತ್ತಿಗೆ, ಓಡಿದ ಫಿಲ್ಮನ್ನು ಸುತ್ತಿಕೊಳ್ಳುವ ಚಕ್ರದ ಪಟ್ಟಿ ಹರಿಯಿತು. ಫಿಲ್ಮು ನಿಮ್ಮ ಪಾದದ ಮೇಲೆ ಸುರಿಯತೊಡಗಿತು. ನೀವು ಬಗ್ಗಿ ನೋಡಲಿಲ್ಲ. ಮುಖವನ್ನು ಜನರ ಕಡೆ ಇಟ್ಟುಕೊಂಡು ನಗುತ್ತಿದ್ದಿರಿ. ಆಗ ತಿಳಿಯಿತು. ಗಾಬರಿಪಡಬೇಡಿ, ಯಾರೋ ಕೂಡಲೇ ಕೂತು ಕೈಯಲ್ಲೇ ಚಕ್ರ ಸುತ್ತಿದರು. ರೀಲು ಹರಿಯಲಿಲ್ಲ.

ನಿಮಗೆ ಕಾಣದ್ದನ್ನು ಬರೆಯುವುದು ನನ್ನ ಕರ್ತವ್ಯ. ಬಿಳಿ ಸುಣ್ಣ ಬಳಿದ ಜೆರ್ಬೊನ ಗೋಡೆಯ ಮೇಲೆ ಮೊದಲು ಸಂತೆಯ ಬೀದಿ ಬಂತು. ಕೂಡಲೇ ಕೂಗಾಟ ಶುರುವಾಯಿತು. “ಅದು ನಮ್ ಮೇಕೆ!” “ಮೇಕೆ ಹೆಂಗೋ ಗುರುತಾಯ್ತು?” “ಕಿವಿ ನೋಡು, ನಮ್ಮಪ್ಪ ಗುರುತು ಹಾಕಿದ್ದು!” ಝೆಫಿರೆನ್ ಎದ್ದು ನಿಂತು ತನ್ನ ಬೋಳು ತಲೆ ಬಡಿದುಕೊಳ್ಳುತ್ತಾ, “ನಾನು ಕಣ್ರೋ! ಕೂದ್ಲು ನೋಡ್ರೋ! ಈಗ್ಲಾದ್ರೂ ನಂಬ್ತೀರೇನ್ರೋ!” ಎಂದು ಅತ್ತ. ತೀರಿಹೋದವರು ಬಂದಾಗ ಹೆಸರು ಹಿಡಿದು ಕೂಗಿದರು. ಒಂದು ಹೆಸರೂ ತಪ್ಪಲಿಲ್ಲ.

ಬಾವಿಯ ದೃಶ್ಯವೂ ಬಂತು. ಹೆಂಗಸರು “ಹೊನೊರೀನ್! ಪೆಲಾಜಿ, ನಿಮ್ಮವ್ವ ಕಣೇ!” ಎಂದು ಕೂಗಿದರು. ಅವ್ವನನ್ನು ನೋಡಿದೆ. ತಲೆಯ ಮೇಲೆ ಕೊಡ ಹೊತ್ತು ನೆಟ್ಟಗೆ ನಡೆದುಬಂದಳು. ಮೆಲ್ಲಗೆ ನಗುತ್ತಿದ್ದಳು. ಬಹಳ ಚೆಂದವಿದ್ದಳು. ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಚಿತ್ರ ಮುಗಿದ ಮೇಲೆ ನಿಮ್ಮನ್ನು ದೊಡ್ಡಮ್ಮನ ಮನೆಗೆ ಕರೆದೊಯ್ದರಲ್ಲ, ಆಮೇಲೆ ಜೆರ್ಬೊ ಒಂದು ಹಿಂದಿ ಚಿತ್ರ ಹಾಕಿದ. ನಾನೂ ಕೂತಿದ್ದೆ. ಹಾಡು ಬಂದಾಗ ಇಡೀ ಮೈದಾನ ಹಾಡಿತು. ಅವರನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ.

ನಿಮ್ಮ ವಿಧೇಯಳು
ಪೆಲಾಜಿ ಟೊಯೆ


ಬುವಾಕೆ
4 ಜನವರಿ 1987

ಏ ನಾಯಿ ತಿನ್ನೋಳೇ,

‘ಪೂಜ್ಯ’ ಅಂತೆ, ‘ನೀವು’ ಅಂತೆ! ಅರ್ಜಿಯವನು ಓದುತ್ತಿದ್ದರೆ ನಾನು ಸತ್ತೇಹೋದೆನೋ ಎಂದು ಮೈ ಮುಟ್ಟಿ ನೋಡಿಕೊಂಡೆ. ಆ ನದಿ ನೊಣಗಳ ರೋಗಕ್ಕೆ ಕುರುಡಾಗಿದ್ದೇನೆ, ಸಾಮೋ ಜನರ ನೆಂಟಸ್ತಿಕೆ ಕಳೆದುಕೊಂಡಿಲ್ಲ. ನನ್ನ ಕೋಲು ಕಿತ್ತುಕೊಳ್ಳದೆ ಕೈ ಹಿಡಿದು ಮೆಲ್ಲಗೆ ನಡೆಸಿದ್ದರೆ ಆ ನಿಲ್ದಾಣದಲ್ಲೇ ಅಳುತ್ತಿದ್ದೆ. ಈ ಓಣಿಯಲ್ಲಿ ನನಗೆ ಎಲ್ಲರೂ ದಾರಿ ಬಿಡುತ್ತಾರೆ, ಒಬ್ಬರೂ ಬಯ್ಯುವುದಿಲ್ಲ. ಬರುವ ಮುಂಚೆ ನಿನಗೆ ಮತ್ತೊಮ್ಮೆ ತಿಳಿಸಿ ಹೇಳಬಹುದಿತ್ತು. ಹೇಳಿದರೆ ನೀವೂ ದಾರಿ ಬಿಟ್ಟೀರಿ ಎಂದು ಹೆದರಿ ಸುಮ್ಮನಾದೆ.

ನಾನು ಚಿತ್ರ ನೋಡಲಿಲ್ಲ ಎಂದು ಯಾರು ಹೇಳಿದರು? ಆ ಮೇಕೆ, ಆ ಕೂದಲು, ತೀರಿಹೋದವರ ಹೆಸರು, ಎಲ್ಲವೂ ಸಾಲಾಗಿ ಕಿವಿಗೆ ಬಿತ್ತು. ಕಣ್ಣಿದ್ದಾಗಲೂ ಅಷ್ಟು ಚೆನ್ನಾಗಿ ನೋಡಿರಲಿಲ್ಲ.

ಆದರೆ ನೀನು ನೋಡಲಿಲ್ಲ.

ಪಟ್ಟಿ ಹರಿದದ್ದು ನನಗೆ ಕೇಳಿಸಿತು. ಕೈಯಲ್ಲಿ ಚಕ್ರ ಸುತ್ತಿದ ‘ಯಾರೋ’ ಒಬ್ಬರ ತಾಮ್ರದ ಬಳೆ ಒಂದೊಂದು ಸುತ್ತಿಗೂ ಚಕ್ರದ ತಗಡಿಗೆ ಟಿಕ್ ಎಂದು ತಗಲುತ್ತಿತ್ತು. ನಿಲ್ದಾಣದಲ್ಲಿ ನನ್ನ ಚೀಲ ಹೊತ್ತವಳ ಕೈಯಲ್ಲೂ ಅದೇ ಬಳೆ ಸದ್ದು ಮಾಡಿತ್ತು. ಹೆಂಗಸರು ನಿನ್ನ ಅವ್ವನ ಹೆಸರು ಕೂಗಿದಾಗ ಆ ಟಿಕ್ ಒಮ್ಮೆಯೂ ತಪ್ಪಲಿಲ್ಲ. ತಲೆಯೆತ್ತಿದ್ದರೆ ಕೈ ನಿಲ್ಲುತ್ತಿತ್ತು, ರೀಲು ಸಿಕ್ಕಿಕೊಂಡು ಹರಿಯುತ್ತಿತ್ತು. ಊರಿಗೆ ಊರೇ ನೋಡುವಾಗ ನೀನು ನೆಲ ನೋಡುತ್ತಾ ಕೂತಿದ್ದೆ. ರೀಲು ಉಳಿಯಲೆಂದು ನಾನೂ ಕೈ ನಿಲ್ಲಿಸು ಎನ್ನಲಿಲ್ಲ. ಅದಕ್ಕೇ ನಾಚಿ ಬೆಳಗಾಗುವ ಮುಂಚೆಯೇ ಬಸ್ಸು ಹತ್ತಿದೆ.

ಈ ಕಾಗದದಲ್ಲಾದರೂ ನೀನು ನಿಜ ಬರೆದಿದ್ದರೆ ಸುಮ್ಮನಿರುತ್ತಿದ್ದೆ. ಮೆಲ್ಲಗೆ ನಗುತ್ತಿದ್ದಳಂತೆ! ಅದು ಜೆರ್ಬೊನ ಹಿಂದಿ ಸಿನಿಮಾದ ತಾಯಿ. ಹೊನೊರೀನ್ ನಗಲಿಲ್ಲ. ಅರ್ಜಿಯವನು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ, ನಾನು ಅಲ್ಲಿದ್ದೆ. ಲಾಜಾರ್ ಕ್ಯಾಮೆರಾ ಹಿಡಿದಿದ್ದ, ನಾನು ಅವನ ಪಕ್ಕದಲ್ಲಿ ಬೆಳಕು ತಿರುಗಿಸುವ ಹಲಗೆ ಹಿಡಿದು ನಿಂತಿದ್ದೆ. ಯಾರೂ ಈ ಕಡೆ ನೋಡಬಾರದೆಂದು ಲಾಜಾರ್ ನೂರು ಸಲ ಹೇಳಿದ್ದ. ನಾಲ್ವರು ನೋಡಲಿಲ್ಲ. ಐದನೆಯವಳು ತುಂಬಿದ ಕೊಡದ ಪಕ್ಕ ಸೊಂಟಕ್ಕೆ ಕೈಯಿಟ್ಟು ನೇರವಾಗಿ ತಿರುಗಿದಳು. “ಏ ಕತ್ತೆ ತಲೆ! ಹೆಂಗಸ್ರು ಕೊಡ ಎತ್ತೋಕೆ ಒದ್ದಾಡ್ತಿದ್ರೆ ಹಲಗೆ ಹಿಡ್ಕೊಂಡು ಬಿಸಿಲು ಕಾಯ್ತಿದೀಯಾ? ಬಾ, ಕೈ ಕೊಡು!” ಎಂದಳು. ಹಲಗೆ ಬಿಸಾಕಿ ಓಡಿಹೋಗಿ ಕೊಡ ಎತ್ತಿಕೊಟ್ಟೆ. ಲಾಜಾರ್ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆದರೂ ಆ ತುಂಡನ್ನು ಕತ್ತರಿಸಿ ತೆಗೆಯಲಿಲ್ಲ.

1971ರಲ್ಲಿ ಇಲ್ಲಿ ತೋರಿಸುವಾಗ ಅವಳು ತಿರುಗಿ ನೋಡಿದ ಮರುಕ್ಷಣವೇ ರೀಲು ಹರಿದಿತ್ತು. ನಾನೇ ಅಂಟಿಸಿದ್ದೆ. ಆ ಅಂಟು ಬೆರಳಿಗೆ ಸಿಗುತ್ತದೆ. ಅದರ ಹಿಂದಿನ ಒಂದು ಗೇಣು ಪೂರ್ತಿ ಅವಳೇ. ಪ್ರೊಜೆಕ್ಟರಿನಲ್ಲಿ ಓಡಿದರೆ ಒಂದೇ ಸೆಕೆಂಡು. ಇನ್ನು ಆ ರೀಲು ಓಡುವುದಿಲ್ಲ. ತೂಗಾನ್‌ನಿಂದ ಬಂದ ಮೇಲೆ ಅಂಚು ಪುಡಿಯಾಗುತ್ತಿದೆ.

ಹದಿನೇಳು ವರ್ಷ ಆ ರೀಲಿಗೆ ಕತ್ತರಿ ಮುಟ್ಟಿಸಿರಲಿಲ್ಲ. ಇವತ್ತು ಮುಟ್ಟಿಸಿದೆ. ಈ ಕಾಗದದ ಮಡಿಕೆಯಲ್ಲಿದೆ. ಬಿಸಿಲಿಗೆ ಹಿಡಿ.

ರಾಸ್ಮಾನೆ

ಲಿಪಿಕಾರನ ಷರಾ: ಸದರಿ ತುಂಡನ್ನು ಮೇಲ್ಕಂಡ ವ್ಯಕ್ತಿಯೇ ಸ್ವಂತ ಕೈಯಿಂದ ಕತ್ತರಿಸಿರುತ್ತಾರೆ. ನಾನು ಬೆಳಕಿಗೆ ಹಿಡಿದು ಪರಿಶೀಲಿಸಿದ್ದು, ಅದರಲ್ಲಿ ಕೋಪಗೊಂಡ ಒಬ್ಬ ಮಹಿಳೆ ಇರುವುದು ನಿಜವೆಂದು ದೃಢೀಕರಿಸುತ್ತೇನೆ.


ತೂಗಾನ್
25 ಜನವರಿ 1987

ಕತ್ತೆ ತಲೆಯ ತಾತ,

ಸುಳ್ಳು ಬರೆದದ್ದು ನಿಜ. ನೀನು ಅಷ್ಟು ದೂರದಿಂದ ಬಂದು, ನಾನು ನೋಡಲಿಲ್ಲ ಎಂದು ಹೇಗೆ ಬರೆಯಲಿ?

ನಿನ್ನ ಕಾಗದ ಶಾಲೆಗೆ ಬಂತು. ಬಿಸಿಲಿಗೆ ಹಿಡಿದೆ. ಒಂದೊಂದು ಚೌಕವೂ ಉಗುರಿನಷ್ಟು. ಮುಖ ಸಾಸಿವೆ ಕಾಳಿನಷ್ಟು. ಓಡಿಹೋಗಿ ಸಂತೆಯಲ್ಲಿ ಗಡಿಯಾರ ರಿಪೇರಿ ಮಾಡುವವನ ಮುಂದೆ ನಿಂತೆ. ಅವನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಕಳಚಿ ಕೊಟ್ಟ.

ಇಪ್ಪತ್ನಾಲ್ಕು ಚೌಕ, ಎಣಿಸಿದೆ. ಮೊದಲನೆಯದರಲ್ಲಿ ಅವಳ ಕೆನ್ನೆ ಮಾತ್ರ. ಐದರಲ್ಲಿ ಮೂಗು. ಒಂಬತ್ತರಲ್ಲಿ ಎರಡೂ ಕಣ್ಣು. ಅಲ್ಲಿಂದ ಕೊನೆಯವರೆಗೆ ಬಾಯಿ ಸ್ವಲ್ಪ ಸ್ವಲ್ಪವೇ ತೆರೆಯುತ್ತದೆ. ಇಪ್ಪತ್ನಾಲ್ಕನೆಯದರಲ್ಲಿ ಹಲ್ಲುಗಳ ನಡುವೆ ಒಂದು ಸಂದು ಕಾಣುತ್ತದೆ. ಅದು ನನಗೂ ಇದೆ.

ಗಾಜನ್ನು ದೊಡ್ಡಮ್ಮನ ಕಣ್ಣಿಗಿಟ್ಟೆ. ಬಹಳ ಹೊತ್ತು ನೋಡಿದಳು. “ಫೋಟೊ ಇಲ್ಲ, ಫೋಟೊ ಇಲ್ಲ ಅಂತ ಇಷ್ಟು ವರ್ಷ ಪ್ರಾಣ ತಿಂದ್ಯಲ್ಲೇ. ಸಭೇಲಿ ಜೆರ್ಬೊನ ಮೇಲೆ ಕೂಗಾಡ್ತೀಯಲ್ಲ, ಆವಾಗ ಒಂದ್ಸಲ ಕನ್ನಡಿ ನೋಡ್ಕೋಬಾರ್ದಿತ್ತಾ?” ಎಂದಳು.

ಆಮೇಲೆ ಊರ ಹೆಂಗಸರೆಲ್ಲ ಸಾಲು ನಿಂತರು. ಗಡಿಯಾರದವನು ಇವತ್ತು ಒಂದು ಗಡಿಯಾರವನ್ನೂ ಮುಟ್ಟಿಲ್ಲ. ಸಾಲಿನಲ್ಲಿ ನೂಕಾಟವಾಗಿ ಜೆರ್ಬೊ ಬಂದು ಶಿಸ್ತು ಕಾಪಾಡುತ್ತಿದ್ದಾನೆ. ನಮ್ಮ ಸಂಘದ ಯಾವ ಕಾರ್ಯಕ್ರಮಕ್ಕೂ ಇಷ್ಟು ಜನ ಸೇರಿರಲಿಲ್ಲ.

ಇನ್ನೊಂದು ವಿಷಯ. ಮಾರ್ಚ್‌ನಲ್ಲಿ ರಾಜಧಾನಿಯಿಂದ ಒಂದು ಹೊಸ ಚಿತ್ರ ತರಿಸುತ್ತಿದ್ದೇವೆ, ಪಕ್ಕದ ದೇಶದ್ದು. ಅದರ ಭಾಷೆ ಇಲ್ಲಿ ಯಾರಿಗೂ ಬಾರದು. ಮೈಕು ಹಿಡಿದು ದ್ಯೂಲಾದಲ್ಲಿ ಕಥೆ ಹೇಳುವವರು ಬೇಕು. ಗೋಡೆಯ ಮೇಲೆ ಏನಾಗುತ್ತಿದೆ ಎಂದು ನಾನು ನಿನ್ನ ಕಿವಿಯಲ್ಲಿ ಹೇಳುತ್ತೇನೆ. ಖಾರ ನೀನು ಹಾಕು. ಕೋಲು ಕಿತ್ತುಕೊಳ್ಳಲು ಝೆಫಿರೆನ್ ಸಿದ್ಧನಿದ್ದಾನೆ.

ಲಾಜಾರ್ ಸಿಟ್ಟಾದದ್ದು ತಪ್ಪು, ತಾತ. ಅವ್ವ ಕ್ಯಾಮೆರಾ ನೋಡಲೇ ಇಲ್ಲ. ಅದರ ಪಕ್ಕದಲ್ಲಿ ನಿಂತವನನ್ನು ನೋಡುತ್ತಿದ್ದಾಳೆ. ಹದಿನೇಳು ವರ್ಷದಿಂದ ಸೊಂಟದ ಮೇಲಿನ ಕೈ ತೆಗೆದಿಲ್ಲ.

ಬಿಸಿಲು ಕಾಯ್ದದ್ದು ಸಾಕು. ಬಾ, ಕೈ ಕೊಡು.

ಪೆಲಾಜಿ